ಬೂದು ಬಣ್ಣದ ಲೆಕ್ಕ: ಡಿಸ್‌ಪ್ಲೇ ಚಿಪ್ ನಮ್ಮಲ್ಲೇ ಪ್ಯಾಕ್ ಆಗುತ್ತೆ, ಅದರ ಬುದ್ಧಿ ಯಾರದು?

2025ರ ಮೇ 14ರಂದು ಕೇಂದ್ರ ಸಚಿವ ಸಂಪುಟ ಇನ್ನೊಂದು ಸೆಮಿಕಂಡಕ್ಟರ್ ಘಟಕಕ್ಕೆ ಒಪ್ಪಿಗೆ ಕೊಟ್ಟಿತು. ಉತ್ತರ ಪ್ರದೇಶದ ಜೇವರ್ ವಿಮಾನ ನಿಲ್ದಾಣದ ಬಳಿ ಎಚ್‌ಸಿಎಲ್ ಮತ್ತು ಫಾಕ್ಸ್‌ಕಾನ್ ಜೊತೆಯಾಗಿ ಕಟ್ಟುವ ಘಟಕ. ಹೂಡಿಕೆ 3,706 ಕೋಟಿ ರೂಪಾಯಿ. ಸಾಮರ್ಥ್ಯ ತಿಂಗಳಿಗೆ 20,000 ವೇಫರ್, ಚಿಪ್ ಲೆಕ್ಕದಲ್ಲಿ 3.6 ಕೋಟಿ. ಸುದ್ದಿಯಲ್ಲಿ, ರೀಲ್ಸ್‌ನಲ್ಲಿ ಓಡಿದ್ದು ಈ ಅಂಕಿಗಳೇ. ಯಾವ ಚಿಪ್ ಅನ್ನೋದು ಮಾತ್ರ ಅರ್ಧ ಸಾಲಿನಲ್ಲಿ ಮುಗಿದುಹೋಯಿತು: ಡಿಸ್‌ಪ್ಲೇ ಡ್ರೈವರ್.

ಆ ಅರ್ಧ ಸಾಲಿನ ಬಗ್ಗೆಯೇ ಈ ಬರಹ. ಒಂದು ಚಿಪ್ ಏನು ಕೆಲಸ ಮಾಡುತ್ತೆ ಅಂತ ತಿಳಿದರೆ ಮಾತ್ರ ಅದರಲ್ಲಿ ದುಡ್ಡು ಎಲ್ಲಿದೆ, ಹಿಡಿತ ಯಾರ ಕೈಯಲ್ಲಿದೆ ಅನ್ನೋದು ಕಾಣುತ್ತೆ. ಅದು ತಿಳಿಯದೆ 'ಗುಜರಾತಿಗೆ ಹೋಯ್ತು, ನಮಗೆ ಬರಲಿಲ್ಲ' ಅಂತ ಜಗಳ ಆಡಬಹುದು. ಆದರೆ ಏನು ಹೋಯ್ತು ಅಂತ ಕೇಳಿದರೆ ಉತ್ತರ ಇರಲ್ಲ. ಅದಕ್ಕೆ ಡಿಸ್‌ಪ್ಲೇ ತಂತ್ರಜ್ಞಾನದ ಒಂದು ಹಳೆಯ ಪ್ರಶ್ನೆಯಿಂದ ಶುರು ಮಾಡೋಣ. ಕಪ್ಪು ಮತ್ತು ಬಿಳುಪು ಎರಡೇ ಗೊತ್ತಿರುವ ಗಾಜಿನ ಮೇಲೆ ಬೂದು ಬಣ್ಣ ತರೋದು ಹೇಗೆ?

ಒಂದು ಗಾಜು, 76,800 ಚುಕ್ಕಿ, 560 ತಂತಿ

ಎಲ್‌ಸಿಡಿ ಅಂದರೆ ಎರಡು ಗಾಜಿನ ಹಾಳೆ, ಮಧ್ಯೆ ಕೂದಲೆಳೆಗಿಂತ ತೆಳುವಾದ ದ್ರವ ಸ್ಫಟಿಕದ ಪದರ, ಹೊರಗೆ ಎರಡು ಪೋಲರೈಸರ್. ವೋಲ್ಟೇಜ್ ಕೊಟ್ಟರೆ ಒಳಗಿನ ಅಣುಗಳು ತಿರುಗುತ್ತವೆ. ಬೆಳಕು ದಾಟುತ್ತೆ ಅಥವಾ ನಿಲ್ಲುತ್ತೆ. ಗಾಜು ತಾನಾಗಿ ಬೆಳಗಲ್ಲ, ಬೆಳಕಿಗೆ ಬಾಗಿಲು ತೆಗೆಯೋದು ಮುಚ್ಚೋದು ಅಷ್ಟೇ ಅದರ ಕೆಲಸ. ಇನ್ನೆರಡು ಗುಣ ನೆನಪಿಟ್ಟುಕೊಳ್ಳಿ. ಒಂದು, ಈ ಅಣುಗಳಿಗೆ ಪ್ಲಸ್ಸೋ ಮೈನಸ್ಸೋ ಗೊತ್ತಾಗಲ್ಲ, ಒಂದಿಷ್ಟು ಹೊತ್ತಿನಲ್ಲಿ ಬಿದ್ದ ವೋಲ್ಟೇಜಿನ ಆರ್‌ಎಂಎಸ್ ಸರಾಸರಿ ಮಾತ್ರ ಗೊತ್ತಾಗುತ್ತೆ. ಎರಡು, ಒಂದೇ ದಿಕ್ಕಿನಲ್ಲಿ ಕರೆಂಟ್ ಕೊಡುತ್ತಲೇ ಇದ್ದರೆ ಸ್ಫಟಿಕ ಹಾಳಾಗುತ್ತೆ. ಹಾಗಾಗಿ ಚಿಪ್ ಮತ್ತೆ ಮತ್ತೆ ದಿಕ್ಕು ಬದಲಿಸುತ್ತಲೇ ಇರಬೇಕು.

320 ಉದ್ದ, 240 ಅಗಲದ ಒಂದು ಹಳೆಯ ಏಕವರ್ಣ ಪ್ಯಾನೆಲ್ ತಗೊಳ್ಳಿ. ಒಟ್ಟು 76,800 ಪಿಕ್ಸೆಲ್. ಒಂದೊಂದಕ್ಕೂ ಒಂದೊಂದು ತಂತಿ ಎಳೆಯೋದು ಅಸಾಧ್ಯ. ಅದಕ್ಕೆ ಒಂದು ಗಾಜಿನ ಮೇಲೆ 240 ಅಡ್ಡ ಗೆರೆ, ಇನ್ನೊಂದರ ಮೇಲೆ 320 ಉದ್ದ ಗೆರೆ ಹಾಕಿ, ಅವು ಒಂದನ್ನೊಂದು ದಾಟುವ ಕಡೆಯೇ ಪಿಕ್ಸೆಲ್ ಅಂತ ಮಾಡಿದರು. 560 ಸಂಪರ್ಕದಲ್ಲಿ ಕೆಲಸ ಮುಗೀತು. ಚಿಪ್ ಒಂದು ಅಡ್ಡ ಗೆರೆ ಆರಿಸುತ್ತೆ, ಆ ಸಾಲಿನ ಚಿತ್ರವನ್ನು ಉದ್ದ ಗೆರೆಗಳ ಮೇಲೆ ಇಡುತ್ತೆ, ಮುಂದಿನ ಗೆರೆಗೆ ಹೋಗುತ್ತೆ.

ತೊಂದರೆ ಶುರುವಾಗೋದು ಇಲ್ಲೇ. ಉದ್ದ ಗೆರೆಯ ವೋಲ್ಟೇಜ್ ಆರಿಸಿದ ಸಾಲಿಗೆ ಮಾತ್ರ ಅಲ್ಲ, ಉಳಿದ 239 ಸಾಲುಗಳಿಗೂ ಅಷ್ಟಿಷ್ಟು ತಾಗುತ್ತೆ. ಅಂದರೆ ಆಫ್ ಆಗಿರಬೇಕಾದ ಪಿಕ್ಸೆಲ್ ಕೂಡ ಅರೆಬರೆ ಆನ್. 1974ರಲ್ಲಿ ಆಲ್ಟ್ ಮತ್ತು ಪ್ಲೆಶ್ಕೋ ಅನ್ನೋ ಇಬ್ಬರು ಸಂಶೋಧಕರು ಇದರ ಗಣಿತ ಮಾಡಿದರು. ಸಾಲುಗಳು ಹೆಚ್ಚಾದಷ್ಟೂ ಆನ್ ಮತ್ತು ಆಫ್ ವೋಲ್ಟೇಜುಗಳ ಅಂತರ ಕುಗ್ಗುತ್ತೆ, ಅದನ್ನು ತಪ್ಪಿಸೋಕೆ ಆಗಲ್ಲ. 4 ಸಾಲಿದ್ದರೆ ಆನ್, ಆಫ್‌ನ 1.73 ಪಟ್ಟು. 16 ಸಾಲಿಗೆ 1.29 ಪಟ್ಟು. 240 ಸಾಲಿಗೆ ಬರೀ 1.067 ಪಟ್ಟು, ಅಂದರೆ ಶೇ 7ಕ್ಕಿಂತ ಕಡಿಮೆ ಅಂತರ.

ಇಂಜಿನಿಯರಿಂಗ್ ಓದಿದವರು ಇದನ್ನು ಕಣ್ಣಾರೆ ನೋಡಿದ್ದಾರೆ, ಹೆಸರು ಗೊತ್ತಿರಲ್ಲ ಅಷ್ಟೆ. ಮಿನಿ ಪ್ರಾಜೆಕ್ಟಿನ 16×2 ಎಲ್‌ಸಿಡಿಯಲ್ಲಿ ಕಾಂಟ್ರಾಸ್ಟ್‌ನ ಪಾಟ್ ಸ್ವಲ್ಪ ಜಾಸ್ತಿ ತಿರುಗಿಸಿದರೆ ಅಕ್ಷರ ಮಾಯವಾಗಿ ಬರೀ ಕಪ್ಪು ಚೌಕಗಳು ಕಾಣುತ್ತವಲ್ಲ? ಆಫ್ ಆಗಿರಬೇಕಾದ ಪಿಕ್ಸೆಲ್‌ಗಳಿಗೂ ಮಿತಿ ದಾಟಿದ ವೋಲ್ಟೇಜ್ ಸಿಕ್ಕಿತು ಅಂತ ಅರ್ಥ. ಅಲ್ಲಿ ಇರೋದು 16 ಸಾಲು. 240 ಸಾಲಿನಲ್ಲಿ ಆ ಪಾಟ್ ತಿರುಗಿಸೋಕೆ ಸಿಗುವ ಜಾಗ ಎಷ್ಟಿರಬಹುದು, ಯೋಚಿಸಿ.

ಸಮಯವನ್ನು ಹಂಚುವ ಚಿಪ್

1980ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಬ್ರೌನ್ ಬೊವೇರಿ ಕಂಪನಿಯಲ್ಲಿ ಹುಟ್ಟಿದ ಎಸ್‌ಟಿಎನ್ ಗಾಜು ಈ ಕಷ್ಟಕ್ಕೆ ಒಂದು ಪರಿಹಾರ ಕೊಟ್ಟಿತು. ಅಣುಗಳ ತಿರುಚುವಿಕೆಯನ್ನು 90 ಡಿಗ್ರಿಯಿಂದ 180–270 ಡಿಗ್ರಿಗೆ ಏರಿಸಿದರೆ, ವೋಲ್ಟೇಜ್ ಒಂದು ಚೂರು ಬದಲಾದರೂ ಗಾಜು ಆಫ್‌ನಿಂದ ಆನ್‌ಗೆ ಥಟ್ಟನೆ ಜಿಗಿಯುತ್ತೆ. ಹೆಚ್ಚು ಸಾಲುಗಳ ಪರದೆ ಸಾಧ್ಯವಾಯಿತು. ಆದರೆ ಅದೇ ಜಿಗಿತದಿಂದ ನಡುವಿನ ಬೂದು ಬಣ್ಣ ಕಷ್ಟವಾಯಿತು. 240 ಸಾಲಿನ ಪ್ಯಾನೆಲ್‌ನಲ್ಲಿ ಆಫ್ 2 ವೋಲ್ಟ್ ಅಂದುಕೊಂಡರೆ ಆನ್ 2.13 ವೋಲ್ಟ್. ಈ 0.13 ವೋಲ್ಟ್ ಸಂದಿಯೊಳಗೆ 16 ಬೂದು ಛಾಯೆ ಕೂರಿಸಬೇಕು ಅಂದರೆ ಒಂದೊಂದು ಮೆಟ್ಟಿಲು ಸುಮಾರು 9 ಮಿಲಿವೋಲ್ಟ್. ಸೆಖೆ ಹೆಚ್ಚಾದರೆ ಗಾಜಿನ ಗುಣವೇ ಅದಕ್ಕಿಂತ ಹೆಚ್ಚು ಅಲುಗುತ್ತೆ.

ವೋಲ್ಟೇಜಿನಲ್ಲಿ ಆಗದ್ದನ್ನು ಕಂಟ್ರೋಲರ್ ಚಿಪ್ ಸಮಯದಲ್ಲಿ ಮಾಡಿತು. ಅರ್ಧ ಬೂದು ಬೇಕಾ? ನಾಲ್ಕು ಫ್ರೇಮಿನಲ್ಲಿ ಎರಡು ಸಲ ಆನ್, ಎರಡು ಸಲ ಆಫ್. ಕಾಲು ಬೂದು ಬೇಕಾ? ನಾಲ್ಕರಲ್ಲಿ ಒಂದೇ ಸಲ ಆನ್. ಗಾಜೂ ನಮ್ಮ ಕಣ್ಣೂ ಸೇರಿ ಸರಾಸರಿ ಮಾಡಿಕೊಳ್ಳುತ್ತವೆ. ಇದಕ್ಕೆ ಫ್ರೇಮ್ ರೇಟ್ ಕಂಟ್ರೋಲ್, ಎಫ್‌ಆರ್‌ಸಿ ಅಂತ ಹೆಸರು. ಮೆಮೊರಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ಒಂದು ಸಂಖ್ಯೆ ಇರುತ್ತೆ, ಉದಾಹರಣೆಗೆ 0ಯಿಂದ 15ರವರೆಗೆ. ಚಿಪ್ ಆ ಸಂಖ್ಯೆ ಓದುತ್ತೆ, ಈಗ ಎಷ್ಟನೇ ಫ್ರೇಮ್ ಅಂತ ನೋಡುತ್ತೆ, 'ಈ ಸಲ ಆನ್' ಅಥವಾ 'ಈ ಸಲ ಆಫ್' ಅಂತ ಒಂದೇ ಬಿಟ್ ಹೊರಗೆ ಕಳಿಸುತ್ತೆ. ಗಾಜಿಗೆ ಹೋಗೋದು ಕಪ್ಪು–ಬಿಳುಪು ಮಾತ್ರ. ಬೂದು ಅನ್ನೋದು ಚಿಪ್ಪಿನ ಲೆಕ್ಕದಲ್ಲಿ ಹುಟ್ಟುತ್ತೆ.

ಇದೂ ಸುಲಭವಾಗಿ ಸಿಗಲಿಲ್ಲ. ಸೆಕೆಂಡಿಗೆ 70 ಫ್ರೇಮ್ ಇದ್ದು, 16ರಲ್ಲಿ ಒಂದು ಸಲ ಮಾತ್ರ ಆನ್ ಆಗುವ ಪಿಕ್ಸೆಲ್ ಸೆಕೆಂಡಿಗೆ ನಾಲ್ಕೈದು ಸಲ ಮಿನುಗುತ್ತೆ. ಅದು ಕಣ್ಣಿಗೆ ಕಾಣುತ್ತೆ. ಅದಕ್ಕೆ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಟ್ಟಿಗೆ ಆನ್ ಆಗದ ಹಾಗೆ ಚಿಪ್ ಸರದಿ ಹಂಚುತ್ತೆ. ಆ ಹಂಚಿಕೆ ಸರಿ ಇಲ್ಲದಿದ್ದರೆ ಪರದೆಯ ಮೇಲೆ ಅಲೆ ಹರಿದ ಹಾಗೆ ಕಾಣುತ್ತೆ. ಇನ್ನೊಂದು ದಾರಿ, ಒಂದೇ ಸಾಲಿನ ಸಮಯವನ್ನು ತುಂಡು ಮಾಡಿ ಅದರಲ್ಲಿ ಸ್ವಲ್ಪ ಹೊತ್ತು ಮಾತ್ರ ಆನ್ ಇಡೋದು. ಆದರೆ ಗಾಜಿನ ಮೇಲಿನ ಪಾರದರ್ಶಕ ಗೆರೆಗಳಿಗೆ ರೆಸಿಸ್ಟೆನ್ಸ್ ಜಾಸ್ತಿ, ಸಣ್ಣ ಪಲ್ಸ್ ಕೊನೆ ತಲುಪುವಷ್ಟರಲ್ಲಿ ಆಕಾರ ಕಳೆದುಕೊಳ್ಳುತ್ತೆ.

ಈಗಿನ ಫೋನು, ಟಿವಿಗಳಲ್ಲಿ ಪ್ರತಿ ಪಿಕ್ಸೆಲ್‌ಗೂ ಸ್ವಂತ ಟ್ರಾನ್ಸಿಸ್ಟರ್ ಇದೆ. ಹಾಗಾಗಿ ಸಾಲುಗಳ ಆ ಹಳೆಯ ಕಾಟ ಇಲ್ಲ. ಬದಲಿಗೆ ಡ್ರೈವರ್ ಚಿಪ್‌ನ ಹೊರೆ ಹೆಚ್ಚಿದೆ. ಫುಲ್ ಎಚ್‌ಡಿ ಪರದೆಯಲ್ಲಿ 1,080 ಸಾಲು, ಕೆಂಪು–ಹಸಿರು–ನೀಲಿ ಸೇರಿ 5,760 ಉದ್ದ ಗೆರೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಸಾಲಿಗೆ ಸಿಗೋದು ಸುಮಾರು 15 ಮೈಕ್ರೋಸೆಕೆಂಡ್. ಅಷ್ಟರೊಳಗೆ 5,760 ಗೆರೆಗಳ ಮೇಲೂ 256 ಮಟ್ಟಗಳಲ್ಲಿ ಸರಿಯಾದ ಒಂದನ್ನು ಇಡಬೇಕು. ಬಣ್ಣದ ಪರದೆ ಅಂತ ನಾವು ಕರೆಯೋದು ಮೂರು ಬೂದು ಪರದೆಗಳನ್ನು ಫಿಲ್ಟರ್ ಹಾಕಿ ಜೋಡಿಸಿದ್ದು, ಅಷ್ಟೆ.

ಹಳೆಯ ಎಫ್‌ಆರ್‌ಸಿ ಸತ್ತೂ ಇಲ್ಲ. ಅಗ್ಗದ ಮಾನಿಟರಿನ ಡಬ್ಬದ ಮೇಲೆ '16.7 ಮಿಲಿಯನ್' ಬದಲು '16.2 ಮಿಲಿಯನ್ ಬಣ್ಣ' ಅಂತ ಬರೆದಿದ್ದರೆ ಒಳಗಿರೋದು ಬಹುತೇಕ 6 ಬಿಟ್ ಪ್ಯಾನೆಲ್. ಗಾಜಿಗೆ ಗೊತ್ತಿರೋದು 64 ಮಟ್ಟ. ಉಳಿದದ್ದನ್ನು ಚಿಪ್ ಮಿನುಗಿಸಿ ತೋರಿಸುತ್ತೆ. ಗ್ರಾಹಕರ ಕೈಗೆ ಹೋಗುವ ಬೆಲೆ ತಗ್ಗಿದ್ದು ಗಾಜಿನಿಂದ ಅಲ್ಲ, ಚಿಪ್ಪಿನೊಳಗಿನ ಲೆಕ್ಕದಿಂದ.

ಇಲ್ಲಿವರೆಗಿನ ಸಾರಾಂಶ ಇಷ್ಟು: ಡಿಸ್‌ಪ್ಲೇ ಚಿಪ್‌ನ ಬೆಲೆ ಇರೋದು ಅದರ ಸಿಲಿಕಾನ್ ತುಂಡಿನಲ್ಲಿ ಮಾತ್ರ ಅಲ್ಲ. ಯಾವ ಸಾಲಿಗೆ ಯಾವಾಗ ಎಷ್ಟು ವೋಲ್ಟೇಜ್ ಅನ್ನೋ ಲೆಕ್ಕದಲ್ಲಿದೆ. ಆ ಲೆಕ್ಕ ಯಾರದ್ದೋ, ಚಿಪ್ ಅವರದ್ದು.

ಸದಾಶಿವನಗರದಲ್ಲಿ ಮಾಡಿದ ಗಣಿತ

ಬೆಂಗಳೂರಿಗೂ ಈ ಕತೆಗೂ ನಿಜವಾದ ಸಂಬಂಧ ಇದೆ, ಅದು ಸ್ಟಾರ್ಟಪ್ ಕಾಲದ್ದಲ್ಲ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದ ಆರಂಭದಲ್ಲೇ ಎಸ್. ಚಂದ್ರಶೇಖರ್ ಅವರು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. 1977ರಲ್ಲಿ ಅವರು ಸದಾಶಿವ ಮತ್ತು ಸುರೇಶ್ ಜೊತೆ ಸೇರಿ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕ ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ಹೀಗೆ ವರ್ತಿಸುತ್ತವೆ ಅನ್ನೋ ತಿಳಿವಳಿಕೆ ಇತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಅದೇ ಬಗೆಯ ಅಣುಗಳಿಂದ ಒಂದು ತೆಳು ಫಿಲ್ಮ್ ಮಾಡಿತು. ಪಕ್ಕದಿಂದ ನೋಡಿದರೂ ಎಲ್‌ಸಿಡಿ ಪರದೆ ಸರಿಯಾಗಿ ಕಾಣುವ ಹಾಗೆ ಮಾಡಿದ ಫಿಲ್ಮ್ ಅದು. ಆ ವ್ಯಾಪಾರ ಬೆಳೆದದ್ದು ಜಪಾನಿನಲ್ಲಿ.

ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅದೇ ಸಂಸ್ಥೆಯ ಟಿ. ಎನ್. ರುಕ್ಮಾಂಗದನ್ ಎಲ್‌ಸಿಡಿ ಓಡಿಸುವ ಗಣಿತದ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಸಲಕ್ಕೆ ಒಂದೇ ಸಾಲು ಆರಿಸಬೇಕು ಅಂತ ಯಾರು ಹೇಳಿದರು? ಹಲವು ಸಾಲುಗಳನ್ನು ಒಟ್ಟಿಗೆ ಆರಿಸಿ, ಒಂದರ ಗುರುತು ಇನ್ನೊಂದರ ಜೊತೆ ಕಲೆಯದ ಹಾಗೆ ಆರ್ಥೋಗನಲ್ ಸಂಕೇತಗಳನ್ನು ಕೊಟ್ಟರೆ, ಪ್ರತಿ ಪಿಕ್ಸೆಲ್‌ಗೂ ಕೊನೆಗೆ ಬೇಕಾದ ಸರಾಸರಿ ವೋಲ್ಟೇಜೇ ಸಿಗುತ್ತೆ. ಈ ವಿಧಾನವನ್ನು ಅವರು 1988ರ ಅಂತರರಾಷ್ಟ್ರೀಯ ಡಿಸ್‌ಪ್ಲೇ ಸಂಶೋಧನಾ ಸಮ್ಮೇಳನದಲ್ಲಿ ಮಂಡಿಸಿದರು. ಲಾಭ ಎರಡು. ಚಿಪ್‌ಗೆ ಬೇಕಾದ ವೋಲ್ಟೇಜ್ ತಗ್ಗುತ್ತೆ. ಸ್ಫಟಿಕಕ್ಕೆ ಒಂದು ಫ್ರೇಮಿನಲ್ಲಿ ಒಂದೇ ದೊಡ್ಡ ಏಟಿನ ಬದಲು ಹಲವು ಸಣ್ಣ ಏಟು ಬೀಳೋದರಿಂದ, ವೇಗದ ಗಾಜಿನಲ್ಲೂ ಕಾಂಟ್ರಾಸ್ಟ್ ಉಳಿಯುತ್ತೆ. ಬೂದು ಛಾಯೆಗಳನ್ನು ಕಡಿಮೆ ಖರ್ಚಿನ ಡ್ರೈವರಿನಲ್ಲಿ ತರುವ ವಿಧಾನಗಳ ಮೇಲೂ ಅವರು 2000ದ ದಶಕದವರೆಗೆ ಬರೆಯುತ್ತಲೇ ಇದ್ದರು.

ಹಲವು ಸಾಲು ಒಟ್ಟಿಗೆ ಆರಿಸುವ ಈ ದಾರಿಯಲ್ಲಿ ಮುಂದೆ ಚಿಪ್ ಮಾಡಿ ಮಾರಿದವರು ಯಾರು? ಜಪಾನಿನ ಸೈಕೋ ಎಪ್ಸನ್‌ನಂಥ ಕಂಪನಿಗಳು. ಎಲ್‌ಸಿಡಿ ತಯಾರಿಕೆ ನಮ್ಮಲ್ಲೇನು ಇರಲಿಲ್ಲ ಅಂತಲ್ಲ. ಸಾರ್ವಜನಿಕ ವಲಯದ ಬಿಇಎಲ್ ಬೆಂಗಳೂರಿನಲ್ಲಿ ಎಲ್‌ಸಿಡಿ ತಯಾರಿಸುತ್ತಿತ್ತು. 1991ರಲ್ಲಿ ಚಂದ್ರಶೇಖರ್ ಶುರು ಮಾಡಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರಕ್ಕೆ ಜಾಲಹಳ್ಳಿಯಲ್ಲಿ ಜಾಗ ಕೊಟ್ಟಿದ್ದೂ ಬಿಇಎಲ್. ವಿಜ್ಞಾನ ಇತ್ತು, ಗಣಿತ ಇತ್ತು, ಗಾಜು ಮಾಡುವ ಕೈಗಳೂ ಇದ್ದವು. ಪ್ರಯೋಗಾಲಯದ ಕಾಗದವನ್ನು ಚಿಪ್ ಮಾಡಿ, ಚಿಪ್ಪನ್ನು ಮಾರುಕಟ್ಟೆಗೆ ಒಯ್ಯುವ ಸಂಸ್ಥೆ ಇರಲಿಲ್ಲ. ಅದನ್ನು ಕಟ್ಟೋದು ತನ್ನ ಕೆಲಸ ಅಂತ ಯಾವ ಸರ್ಕಾರಕ್ಕೂ ಅನಿಸಲಿಲ್ಲ.

ಹೆಫೈ ಮೊದಲು ಗಾಜು ಮಾಡಿತು

ಈಗ ಇವತ್ತಿನ ಯೋಜನೆಗಳ ಕಡೆ ಬನ್ನಿ. ಜೇವರ್ ಘಟಕ ಚಿಪ್ ಹುಟ್ಟಿಸುವ ಫ್ಯಾಬ್ ಅಲ್ಲ. ಬೇರೆಡೆ ತಯಾರಾದ ವೇಫರ್ ತಂದು, ಪರೀಕ್ಷಿಸಿ, ಪ್ಯಾಕ್ ಮಾಡುವ ಘಟಕ. ಗುಜರಾತಿನ ಧೊಲೇರಾದಲ್ಲಿ ಟಾಟಾ ಕಂಪನಿ ತೈವಾನಿನ ಪಿಎಸ್‌ಎಂಸಿ ಜೊತೆ 91,000 ಕೋಟಿ ರೂಪಾಯಿಯಲ್ಲಿ ಕಟ್ಟುತ್ತಿರೋದು ನಿಜವಾದ ಫ್ಯಾಬ್, ಅದರ ಉತ್ಪನ್ನಗಳ ಪಟ್ಟಿಯಲ್ಲಿ ಡಿಸ್‌ಪ್ಲೇ ಡ್ರೈವರ್ ಕೂಡ ಇದೆ. ಅದಕ್ಕೆ ತಂತ್ರಜ್ಞಾನ ಪಿಎಸ್‌ಎಂಸಿಯದ್ದು. ಡಿಸ್‌ಪ್ಲೇ ಚಿಪ್‌ಗಳ ವಿಷಯದಲ್ಲಿ ಟಾಟಾ 2025ರಲ್ಲಿ ಕೈಜೋಡಿಸಿದ್ದು ತೈವಾನಿನ ಹೈಮ್ಯಾಕ್ಸ್ ಜೊತೆ. ಹೈಮ್ಯಾಕ್ಸ್‌ಗೆ ಸ್ವಂತ ಫ್ಯಾಬ್ ಇಲ್ಲ. ಅದರ ಬಂಡವಾಳವೇ ವಿನ್ಯಾಸ, ಅಂದರೆ ಮೇಲೆ ಹೇಳಿದ ಲೆಕ್ಕ.

ಪ್ಯಾಕ್ ಮಾಡೋದು ಕೀಳು ಕೆಲಸ ಅಂತ ಹೇಳ್ತಿಲ್ಲ. ಡಿಸ್‌ಪ್ಲೇ ಡ್ರೈವರ್ ಪ್ಯಾಕಿಂಗ್ ನಾಜೂಕಿನ ಕೆಲಸ. ಉದ್ದಕ್ಕೆ ತೆಳ್ಳಗಿರುವ ಚಿಪ್, ಅಂಚಿನುದ್ದಕ್ಕೂ ಸಾವಿರಾರು ಸಂಪರ್ಕ ಬಿಂದು, ಅದು ನೇರವಾಗಿ ಗಾಜಿನ ಮೇಲೋ ಫಿಲ್ಮಿನ ಮೇಲೋ ಕೂರಬೇಕು. 2021ರಲ್ಲಿ ಒಂದು ಡಾಲರ್ ಆಸುಪಾಸಿನ ಈ ಚಿಪ್ಪಿನ ಕೊರತೆಯೇ ಲ್ಯಾಪ್‌ಟಾಪು, ಟಿವಿ, ಕಾರುಗಳ ತಯಾರಿಕೆಯನ್ನು ಕಾಡಿತ್ತು. ನಮ್ಮಲ್ಲಿ ಒಂದು ಘಟಕ ಇರೋದು ಒಳ್ಳೆಯದೇ. ಕೆಲಸ ಸಿಗುತ್ತೆ, ಕೈ ಪಳಗುತ್ತೆ.

ಆದರೆ ಪ್ಯಾಕ್ ಆದ ಚಿಪ್ ಹೋಗೋದು ಎಲ್ಲಿಗೆ? ಗಾಜಿನ ಪ್ಯಾನೆಲ್ ಇರುವ ಕಡೆಗೆ. 2025ರ ಆಗಸ್ಟ್ ವೇಳೆಗೆ ಕೇಂದ್ರ ಒಪ್ಪಿಗೆ ಕೊಟ್ಟ ಹತ್ತು ಯೋಜನೆಗಳ ಮೊತ್ತ ಸುಮಾರು 1.6 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಡಿಸ್‌ಪ್ಲೇ ಗಾಜು ತಯಾರಿಸುವ ಫ್ಯಾಬ್ ಒಂದೂ ಇಲ್ಲ. 2021ರ ಡಿಸೆಂಬರಿನಲ್ಲಿ ಘೋಷಿಸಿದ ಮೂಲ ಯೋಜನೆಯಲ್ಲೇ ಡಿಸ್‌ಪ್ಲೇ ಫ್ಯಾಬ್‌ಗೆ ಸಬ್ಸಿಡಿಯ ಮಾತಿತ್ತು, ಆದರೂ.

ಚೀನಾದ ಹೆಫೈ ನಗರ ಇದೇ ಕೆಲಸವನ್ನು ಬೇರೆ ಕ್ರಮದಲ್ಲಿ ಮಾಡಿತು. 2008ರಲ್ಲಿ ಅದು ಬಿಒಇ ಕಂಪನಿಯ ಎಲ್‌ಸಿಡಿ ಪ್ಯಾನೆಲ್ ಕಾರ್ಖಾನೆಗೆ ನಗರದ ಹಣ ಹಾಕಿತು, ಗೃಹೋಪಯೋಗಿ ವಸ್ತುಗಳ ಕಾರ್ಖಾನೆಗಳು ಮೊದಲೇ ಅಲ್ಲಿದ್ದವು. ಪ್ಯಾನೆಲ್ ಹೊರಬರತೊಡಗಿದ ಮೇಲೆ, 2015ರಲ್ಲಿ, ಅದೇ ನಗರದಲ್ಲಿ ಡ್ರೈವರ್ ಚಿಪ್ ಫ್ಯಾಬ್ ಶುರುವಾಯಿತು. ಹೆಸರು ನೆಕ್ಸ್‌ಚಿಪ್. ಜೊತೆಗಾರ ಯಾರು ಗೊತ್ತಾ? ಇವತ್ತು ಟಾಟಾ ಕೈಹಿಡಿದಿರುವ ಅದೇ ತೈವಾನಿನ ಪವರ್‌ಚಿಪ್ ಬಳಗ. ಅಲ್ಲಿ ಚಿಪ್ ಹುಟ್ಟುವ ಮೊದಲೇ ಗಿರಾಕಿ ಪಕ್ಕದ ಬೀದಿಯಲ್ಲಿದ್ದ. ನಮ್ಮಲ್ಲಿ ಚಿಪ್ ಮೊದಲು ಬರ್ತಿದೆ, ಗಿರಾಕಿ ಇನ್ನೂ ಕಡಲಾಚೆ.

76,000 ಕೋಟಿಯಲ್ಲಿ 1,000 ಕೋಟಿ

ಎಲ್ಲಕ್ಕಿಂತ ಮುಖ್ಯವಾದ ಅಂಕಿ ಇದು. ಇಂಡಿಯಾ ಸೆಮಿಕಂಡಕ್ಟರ್ ಮಿಷನ್‌ಗೆ ಇಟ್ಟ ಮೊತ್ತ 76,000 ಕೋಟಿ ರೂಪಾಯಿ. ಅದರಲ್ಲಿ ವಿನ್ಯಾಸಕ್ಕೆ, ಅಂದರೆ ಡಿಸೈನ್ ಲಿಂಕ್ಡ್ ಇನ್ಸೆಂಟಿವ್‌ಗೆ 1,000 ಕೋಟಿ. ನೂರು ರೂಪಾಯಿಯಲ್ಲಿ ಒಂದೂವರೆ ರೂಪಾಯಿಯೂ ಇಲ್ಲ. ವಿನ್ಯಾಸ ಕಂಪನಿಯೊಂದಕ್ಕೆ ಖರ್ಚಿನ ಅರ್ಧ, ಗರಿಷ್ಠ 15 ಕೋಟಿ ರೂಪಾಯಿ ಮರುಪಾವತಿ ಅಂತ ನಿಯಮ. ಅದೇ ಫ್ಯಾಬ್ ಕಟ್ಟುವವರಿಗೆ ಯೋಜನಾ ವೆಚ್ಚದ ಅರ್ಧವನ್ನೇ ಕೇಂದ್ರ ಕೊಡುತ್ತೆ, ಮೇಲೆ ರಾಜ್ಯದ ರಿಯಾಯಿತಿ ಬೇರೆ.

ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಶೇ 20ರಷ್ಟು ಮಂದಿ ಭಾರತೀಯರು ಅಂತ ಕೇಂದ್ರ ಸಚಿವರು ಪದೇಪದೇ ಹೇಳ್ತಾರೆ. ಅವರಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲೇ ಇದೆ. ಆದರೆ ಅವರು ಮಾಡುವ ವಿನ್ಯಾಸದ ಮಾಲೀಕತ್ವ ಬಹುಪಾಲು ಹೊರದೇಶದ ಕಂಪನಿಗಳದ್ದು. ಸಂಬಳ ಇಲ್ಲಿ, ಹಕ್ಕು ಅಲ್ಲಿ. 1988ರಲ್ಲಿ ಒಬ್ಬ ಸಂಶೋಧಕರ ಗಣಿತಕ್ಕೆ ಆಗಿದ್ದು ಇವತ್ತು ಲಕ್ಷಾಂತರ ಇಂಜಿನಿಯರುಗಳ ದಿನನಿತ್ಯದ ಕೆಲಸದಲ್ಲಿ ಆಗ್ತಿದೆ.

'ಮೊದಲು ಜೋಡಣೆ, ಆಮೇಲೆ ವಿನ್ಯಾಸ ತಾನಾಗೇ ಬರುತ್ತೆ' ಅನ್ನೋ ವಾದ ಇದೆ. ಮಲೇಷ್ಯಾ ನೋಡಿ. 1972ರಲ್ಲೇ ಇಂಟೆಲ್ ಪೆನಾಂಗ್‌ನಲ್ಲಿ ಚಿಪ್ ಜೋಡಣೆ ಶುರು ಮಾಡಿತು. ಅರ್ಧ ಶತಮಾನ ಕಳೆದ ಮೇಲೆ, 2025ರಲ್ಲಿ, ಅದೇ ಮಲೇಷ್ಯಾ ಸರ್ಕಾರ ಬ್ರಿಟನ್ನಿನ ಆರ್ಮ್ ಕಂಪನಿಗೆ ಹತ್ತು ವರ್ಷದಲ್ಲಿ 25 ಕೋಟಿ ಡಾಲರ್ ಕೊಟ್ಟು ಚಿಪ್ ವಿನ್ಯಾಸದ ಹಕ್ಕು–ತರಬೇತಿ ಪಡೆಯುವ ಒಪ್ಪಂದ ಮಾಡಿಕೊಂಡಿತು. ವಿನ್ಯಾಸ ತಾನಾಗೇ ಬರಲ್ಲ.

ಕರ್ನಾಟಕ ಕೇಳಬೇಕಾದ್ದು

ಕಳೆದ ವರ್ಷ ಸಚಿವ ಪ್ರಿಯಾಂಕ್ ಖರ್ಗೆ, ಕರ್ನಾಟಕಕ್ಕೆ ಬರಬೇಕಿದ್ದ ಸೆಮಿಕಂಡಕ್ಟರ್ ಹೂಡಿಕೆಯನ್ನು ಕೇಂದ್ರ ಗುಜರಾತ್, ಅಸ್ಸಾಮಿಗೆ ತಿರುಗಿಸುತ್ತಿದೆ ಅಂತ ಆರೋಪಿಸಿದರು. ಅಸ್ಸಾಂ ಮುಖ್ಯಮಂತ್ರಿ ಜೊತೆ ದೊಡ್ಡ ಜಟಾಪಟಿಯೇ ನಡೀತು. ಆ ಹತ್ತು ಯೋಜನೆಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ ಅನ್ನೋದು ಸತ್ಯ. ಮೈಸೂರಿನ ಕೇನ್ಸ್ ಕಂಪನಿಯ ಘಟಕ ಕೂಡ ಗುಜರಾತಿನ ಸಾಣಂದ್‌ನಲ್ಲಿದೆ. ಒಕ್ಕೂಟ ವ್ಯವಸ್ಥೆಯ ಪ್ರಶ್ನೆಯಾಗಿ ಅದನ್ನು ಕೇಳಲೇಬೇಕು. ಆದರೆ ಕಾರ್ಖಾನೆ ಯಾವ ರಾಜ್ಯಕ್ಕೆ ಅನ್ನೋದಷ್ಟೇ ಚರ್ಚೆ ಆದರೆ, ವಿನ್ಯಾಸದ ಹಕ್ಕು ಯಾವ ದೇಶಕ್ಕೆ ಅನ್ನೋದು ಮರೆತೇ ಹೋಗುತ್ತೆ. ಈ ಎರಡನೇ ಪ್ರಶ್ನೆಯಲ್ಲಿ ಕರ್ನಾಟಕಕ್ಕೆ ಕೇಂದ್ರದ ಅನುಮತಿ ಕಾಯುವ ಅಗತ್ಯವೂ ಕಡಿಮೆ.

ಒಂದು ಉದಾಹರಣೆ ಕೊಡ್ತೀನಿ. ದೇಶದಲ್ಲಿ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ವಿದ್ಯುತ್ ಮೀಟರ್ ಹಾಕುವ ಗುರಿ ಕೇಂದ್ರದ್ದು. ಇಂಥ ಮೀಟರಿನ ಮೇಲೆ ಸಾಮಾನ್ಯವಾಗಿ ಒಂದು ಸಾದಾ ಎಲ್‌ಸಿಡಿ ಗಾಜು ಇರುತ್ತೆ, ಹಿಂದೆ ಅದನ್ನು ಓಡಿಸುವ ಸರ್ಕ್ಯೂಟ್. ನಾಲ್ಕೆಂಟು ಸಾಲಿನ ಆ ಸಣ್ಣ ಗಾಜಿಗೆ ಅತ್ಯಾಧುನಿಕ ಫ್ಯಾಬ್ ಬೇಡ, ಹಳೆಯ ತಂತ್ರಜ್ಞಾನ ಸಾಕು. ಮೊಹಾಲಿಯ ಸರ್ಕಾರಿ ಎಸ್‌ಸಿಎಲ್ 180 ನ್ಯಾನೋಮೀಟರಿನಲ್ಲಿ ವಿದ್ಯಾರ್ಥಿಗಳ ಚಿಪ್‌ಗಳನ್ನೇ ಮಾಡಿಕೊಡುತ್ತಿದೆ. ವಿನ್ಯಾಸದ ಸಾಫ್ಟ್‌ವೇರನ್ನು ದೇಶದ ಕಾಲೇಜುಗಳಿಗೆ ಹಂಚುತ್ತಿರುವ ಕೇಂದ್ರ ಇರೋದು ಬೆಂಗಳೂರಿನ ಸಿ–ಡ್ಯಾಕ್‌ನಲ್ಲೇ. ಕೊಳ್ಳುವವರು ಯಾರು? ಹೆಚ್ಚಿನ ಕಡೆ ಸರ್ಕಾರಿ ವಿದ್ಯುತ್ ಕಂಪನಿಗಳು. ಮೀಟರಿನ ಟೆಂಡರಿನಲ್ಲಿ 'ಇಲ್ಲೇ ವಿನ್ಯಾಸಗೊಂಡ ಚಿಪ್‌ಗೆ ಇಷ್ಟು ಪಾಲು' ಅಂತ ಒಂದು ಷರತ್ತು ಸೇರಿಸಿದರೆ, ಜಾಲಹಳ್ಳಿಯ ಕಾಲದಲ್ಲಿ ಸಿಗದ ಗಿರಾಕಿ ಈಗ ಸಿಗುತ್ತಾನೆ.

ಹಾಗಾಗಿ ಮುಂದಿನ ಸಲ 'ಇಷ್ಟು ಸಾವಿರ ಕೋಟಿ, ಇಷ್ಟು ಲಕ್ಷ ಚಿಪ್' ಅಂತ ಸಚಿವರು ಟ್ವೀಟ್ ಮಾಡಿದಾಗ, ಅವರು ಯಾವ ಪಕ್ಷದವರೇ ಆಗಿರಲಿ, ಮೂರು ಪ್ರಶ್ನೆ ಕೇಳಿ. ಈ ಚಿಪ್ಪಿನ ವಿನ್ಯಾಸದ ಹಕ್ಕು ಯಾರ ಹೆಸರಲ್ಲಿದೆ? ಪ್ಯಾಕ್ ಆದ ಮೇಲೆ ಇದನ್ನು ಕೊಳ್ಳುವ ಕಾರ್ಖಾನೆ ಯಾವ ದೇಶದಲ್ಲಿದೆ? ಸಬ್ಸಿಡಿಯ ಪ್ರತಿ ನೂರು ರೂಪಾಯಿಯಲ್ಲಿ ವಿನ್ಯಾಸಕ್ಕೆ ಎಷ್ಟು ಹೋಗ್ತಿದೆ? ಮೂರನೆಯದಕ್ಕೆ ಉತ್ತರ ಒಂದೂವರೆ ರೂಪಾಯಿಗಿಂತ ಮೇಲೇಳುವವರೆಗೆ, ನಮ್ಮಲ್ಲಿ ಹುಟ್ಟಿದ ಲೆಕ್ಕದ ಚಿಪ್ಪನ್ನು ನಾವೇ ದುಡ್ಡು ಕೊಟ್ಟು ಹೊರಗಿನಿಂದ ತರಿಸಿಕೊಳ್ಳುತ್ತಲೇ ಇರುತ್ತೇವೆ.